ಹುಳಿಯಿಂದ ಅಯಾನಿಗೆ: ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಕೆಲವು ಶಬ್ದಗಳ ವಿಚಾರ

ಕಲಬುರಗಿ ಜಿಲ್ಲೆಯ ಪಶ್ಚಿಮ ಮತ್ತು ದಕ್ಷಿಣ ಭಾಗಗಳಲ್ಲಿರುವ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳು ಬಹುಮಟ್ಟಿಗೆ ಎರೆಯ ನೆಲ. ಆಳಂದದ ಕಡೆಯಿಂದ ಹರಿದುಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆಯು ಮುಂದೆ ಜೇವರ್ಗಿಯ ಸೀಮೆಯನ್ನು ಮುಟ್ಟಿ ಸಾಗುತ್ತದೆ. ಈ ನೆಲದಲ್ಲಿ ಹಿಂಗಾರಿಗೆ ಬಿತ್ತಿದ ಕಡಲೆಯು ಮೇಲಿನ ಮಳೆಯನ್ನು ಅಷ್ಟಾಗಿ ನೆಚ್ಚದೆ, ಎರೆಯು ತನ್ನೊಳಗೆ ಹಿಡಿದಿಟ್ಟ ತೇವದಿಂದಲೇ ಬೆಳೆಯುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಕಡಲೆಯ ಹೊಲದಲ್ಲಿ ಬೆಳಗಿನ ಜಾವ ಬರಿಗಾಲಲ್ಲಿ ನಡೆದವರಿಗೆ ಇನ್ನೊಂದು ಸಂಗತಿಯೂ ತಿಳಿದಿರುತ್ತದೆ. ಗಿಡಕ್ಕೆ ತಗುಲಿದ ಕಾಲು ಚುರುಗುಟ್ಟುತ್ತದೆ. ಬೆರಳಿಗಂಟಿದ ಹನಿಯನ್ನು ನಾಲಿಗೆಗೆ ಮುಟ್ಟಿಸಿದರೆ ಹಲ್ಲು ಚುಳ್ಳೆನ್ನುವಷ್ಟು ಹುಳಿ. ಕಡಲೆಯ ಎಲೆ, ಕಾಂಡ, ಕಾಯಿಗಳ ಮೇಲಿನ ನವುರಾದ ರೋಮಗಳು ಈ ರಸವನ್ನು ಒಸರುತ್ತವೆ; ಇರುಳಿನ ಇಬ್ಬನಿಯು ಅದನ್ನು ಕರಗಿಸಿಕೊಳ್ಳುತ್ತದೆ. ಕಡಲೆ ಬೆಳೆಯುವ ಸೀಮೆಗಳಲ್ಲಿ ತೆಳುವಾದ ಬಿಳಿಯ ಬಟ್ಟೆಯನ್ನು ಗಿಡಗಳ ಮೇಲೆ ಹರಡಿ, ನೆನೆದ ಬಟ್ಟೆಯನ್ನು ಹಿಂಡಿ, ಆ ರಸವನ್ನು ಶೇಖರಿಸಿಟ್ಟುಕೊಳ್ಳುವ ವಾಡಿಕೆಯುಂಟು. ಇದಕ್ಕೆ ಕಡಲೆ ಹುಳಿಯೆಂದು ಹೆಸರು. ಅಜೀರ್ಣಕ್ಕೂ ಹೊಟ್ಟೆನೋವಿಗೂ ಇದನ್ನು ಮನೆಯ ಮದ್ದಾಗಿ ಬಳಸುತ್ತಾರೆ.

ಈ ಹುಳಿ ಎಂದರೆ ಏನು? ಪ್ರಶ್ನೆಯು ಸರಳವಾಗಿ ತೋರುತ್ತದೆ. ಆದರೆ ಇದಕ್ಕೆ ಬೇರೆ ಬೇರೆ ಕಾಲದಲ್ಲಿ ಮೂರು ಬಗೆಯ ಉತ್ತರಗಳು ಬಂದಿವೆ. ಮೂರಕ್ಕೂ ಬೇರೆ ಬೇರೆ ಸಾಕ್ಷಿಗಳಿವೆ. ಮೊದಲ ಸಾಕ್ಷಿ ನಾಲಿಗೆ, ಎರಡನೆಯದು ಕಣ್ಣು, ಮೂರನೆಯದು ನೀರು. ನಮ್ಮ ಶಾಲೆಗಳ ರಸಾಯನಶಾಸ್ತ್ರದಲ್ಲಿ ಈಗ ಬಳಕೆಯಲ್ಲಿರುವ ಆಮ್ಲ, ಪ್ರತ್ಯಾಮ್ಲ, ಕ್ಷಾರ, ಅಯಾನು ಎಂಬ ಶಬ್ದಗಳಲ್ಲಿ ಈ ಮೂರು ಸಾಕ್ಷ್ಯಗಳೂ ಬೆರೆತುಹೋಗಿವೆ. ಅವನ್ನು ಬಿಡಿಸಿ ನೋಡಿ, ಯಾವ ಶಬ್ದವು ಯಾವ ಕಾಲದ ಅರಿವನ್ನು ಹೊತ್ತಿದೆ ಎಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶ. ಶಾಸ್ತ್ರದ ಪದಗಳನ್ನು ಕಲಿಸಬೇಕಾದವರು ವಿಜ್ಞಾನದ ಉಪಾಧ್ಯಾಯರೇ ಆದರೂ, ಪದದ ಚರಿತ್ರೆಯನ್ನು ಹೇಳಬೇಕಾದವರು ಭಾಷೆಯ ಉಪಾಧ್ಯಾಯರು. ಆದುದರಿಂದ ಈ ವಿಚಾರವು ನಮ್ಮ ವಾಚಕರಿಗೆ ಹೊರತಾದುದಲ್ಲವೆಂದು ಭಾವಿಸುತ್ತೇವೆ.

1. ನಾಲಿಗೆಯ ಸಾಕ್ಷ್ಯ

ಹುಳಿ ಎಂಬುದು ಹಳಗನ್ನಡದ ಪುಳಿ. ತಮಿಳಿನ ಪುಳಿ, ತೆಲುಗಿನ ಪುಲುಪು ಇದರ ದಾಯಾದಿಗಳು. ಹಳಗನ್ನಡದ ಪಕಾರವು ಹಕಾರವಾದ ಕ್ರಮಕ್ಕೆ ಇದು ಪಾಠಗಳಲ್ಲಿ ಕೊಡುವ ಸಾಮಾನ್ಯ ಉದಾಹರಣೆ. ಹುಣಸೆಯೂ ಇದೇ ಬಳಗದ್ದು. ಸಂಸ್ಕೃತದ ಅಮ್ಲಕ್ಕೂ ಇದೇ ಅರ್ಥ, ಷಡ್ರಸಗಳಲ್ಲಿ ಅದೊಂದು. ಕನ್ನಡದ ಶಾಸ್ತ್ರಗ್ರಂಥಗಳಲ್ಲಿ ಅದರ ಮೊದಲ ಅಕ್ಷರವು ದೀರ್ಘವಾಗಿ ಆಮ್ಲ ಎಂದು ರೂಢಿಗೆ ಬಂದಿದೆ. ಪಾರಸಿಯ ತುರ್ಶ್, ಇಂಗ್ಲಿಷಿನ ಆಸಿಡ್ ಎಂಬುದರ ಲ್ಯಾಟಿನ್ ಮೂಲ, ಇವೆಲ್ಲವೂ ರುಚಿಯನ್ನೇ ಹೇಳುತ್ತವೆ. ಭೂಮಿಯ ಮೇಲೆ ಬೇರೆ ಬೇರೆ ಜನರು ಒಬ್ಬರನ್ನೊಬ್ಬರು ಕೇಳದೆಯೇ ಈ ಪದಾರ್ಥಗಳಿಗೆ ಒಂದೇ ಗುಣದಿಂದ ಹೆಸರಿಟ್ಟರು. ಆ ಗುಣವನ್ನು ತಿಳಿಸಿದುದು ನಾಲಿಗೆ.

ಇದಿರು ಪಕ್ಷದ ಪದಾರ್ಥಗಳ ವಿಷಯದಲ್ಲಿ ನಾಲಿಗೆಯು ಇಷ್ಟು ನಿಚ್ಚಳವಾಗಿಲ್ಲ. ಕ್ಷಾರವೆಂಬ ಶಬ್ದವು ಸುಟ್ಟ ಬೂದಿಯಿಂದ ತೆಗೆದ ತೀಕ್ಷ್ಣವಾದ ಉಪ್ಪನ್ನು ಹೇಳುತ್ತಿತ್ತು; ಬಾರ್ಲಿಯ ಬೂದಿಯಿಂದ ಯವಕ್ಷಾರ, ಸವಳು ನೆಲದ ಗಿಡಗಳಿಂದ ಸರ್ಜಿಕ್ಷಾರ. ಅರಬ್ಬಿಯ ಅಲ್‍ಕಲೀ ಎಂಬುದೂ ಉಪ್ಪುನೆಲದ ಗಿಡದ ಬೂದಿಯೇ. ಅದು ಯೂರೋಪಿನ ಭಾಷೆಗಳಿಗೆ ಆಲ್ಕಲಿ ಎಂದು ಹೋಯಿತು. ಉತ್ತರ ಕರ್ನಾಟಕದ ಅಡಿಗೆಮನೆಗಳಲ್ಲಿ ಹಪ್ಪಳದ ಹಿಟ್ಟಿಗೆ ಹಾಕುವ ಪಾಪಡಖಾರದಲ್ಲಿ ಈ ಹಳೆಯ ಅರ್ಥವು ಇನ್ನೂ ಉಳಿದಿದೆ. ಅಲ್ಲಿ ಖಾರವೆಂದರೆ ಮೆಣಸಿನಕಾಯಿಯಲ್ಲ, ನಿಜವಾದ ಕ್ಷಾರ. ಆದರೆ ಅದೇ ಮನೆಯಲ್ಲಿ ಮೆಣಸಿನಕಾಯಿಯ ಉರಿಯನ್ನೂ ಖಾರವೆಂದೇ ಕರೆಯುತ್ತಾರೆ. ಈ ಎರಡನೆಯ ಖಾರವನ್ನು ಕ್ಷಾರದ ತದ್ಭವವೆಂದು ಹೇಳುವವರುಂಟು. ದ್ರಾವಿಡ ಮೂಲದ ಕಾರವೆಂದು ಹೇಳುವವರೂ ಉಂಟು. ಹೇಗಾದರೂ, ಮೆಣಸಿನಕಾಯಿಯ ಉರಿಗೂ ಸುಣ್ಣದ ಉರಿಗೂ ರಾಸಾಯನಿಕವಾದ ನಂಟಿಲ್ಲ. ನಾಲಿಗೆಯು ಎರಡನ್ನೂ ಉರಿಯೆಂದು ಒಂದೇ ಪಟ್ಟಿಯಲ್ಲಿ ಬರೆದುಕೊಂಡಿತು. ಇಲ್ಲಿ ಮೊದಲ ಸಾಕ್ಷಿಯ ಮಿತಿ ಗೊತ್ತಾಗುತ್ತದೆ.

2. ಕಣ್ಣಿನ ಸಾಕ್ಷ್ಯ

ನಾಲಿಗೆಯನ್ನು ಬಿಟ್ಟು ಕಣ್ಣನ್ನು ನಂಬುವ ಕ್ರಮವೂ ನಮ್ಮ ಮನೆಗಳಲ್ಲಿ ಬಹುಕಾಲದಿಂದ ಇದೆ. ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪಾಗುತ್ತದೆ. ಆರತಿಯ ಕೆಂಪು ನೀರೂ ಓಕುಳಿಯೂ ಹೀಗೆಯೇ ಆಗುತ್ತವೆ. ಆ ಕೆಂಪಿಗೆ ನಿಂಬೆಯ ಹುಳಿಯನ್ನು ಬೇಕಾದಷ್ಟು ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ಎಂಬಾತನು 1664ರಲ್ಲಿ ಬಣ್ಣಗಳನ್ನು ಕುರಿತ ತನ್ನ ಗ್ರಂಥದಲ್ಲಿ, ನೇರಿಳೆ ಹೂವಿನ ಪಾನಕವು ಹುಳಿಗಳಿಂದ ಕೆಂಪಾಗುವುದನ್ನೂ ಕ್ಷಾರಗಳಿಂದ ಹಸುರಾಗುವುದನ್ನೂ ವಿವರಿಸಿ, ಪದಾರ್ಥಗಳನ್ನು ವಿಂಗಡಿಸಲು ಇದನ್ನೇ ಒರೆಗಲ್ಲಾಗಿ ಮಾಡಿದನು. ಮನೆಯ ಅರಿಸಿನಕ್ಕೂ ಬಾಯ್ಲನ ಪಾನಕಕ್ಕೂ ಕೆಲಸ ಒಂದೇ. ವ್ಯತ್ಯಾಸವಿಷ್ಟೆ: ನಮ್ಮಲ್ಲಿ ಅದು ಮಂಗಳದ ಕುರುಹಾಗಿ ನಿಂತಿತು, ಅಲ್ಲಿ ಪ್ರಶ್ನೆಯ ಸಾಧನವಾಯಿತು.

ಆದರೆ ನಮ್ಮ ವೈದ್ಯರು ಪ್ರಶ್ನೆಯನ್ನು ಕೇಳಲೇ ಇಲ್ಲವೆಂದು ಹೇಳುವಂತಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರಪಾಕವನ್ನು ಹೇಳುವ 11ನೆಯ ಅಧ್ಯಾಯವು ಈ ದೃಷ್ಟಿಯಿಂದ ಬಹು ಮುಖ್ಯವಾದುದು. ಅಲ್ಲಿ ಮರವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಹಲವು ಸಲ ಸೋಸಿ, ಕಾಯಿಸಿ ಕ್ಷಾರವನ್ನು ಸಿದ್ಧಪಡಿಸುವ ವಿಧಾನವಿದೆ. ಮೃದು, ಮಧ್ಯಮ, ತೀಕ್ಷ್ಣ ಎಂದು ಮೂರು ದರ್ಜೆಗಳನ್ನು ಹೇಳಿದೆ. ಮೃದುವಾದುದನ್ನು ಬಲಪಡಿಸಬೇಕಾದರೆ ಸುಟ್ಟ ಸುಣ್ಣಗಲ್ಲನ್ನೂ ಚಿಪ್ಪುಗಳನ್ನೂ ಅದರಲ್ಲಿ ಹಾಕಬೇಕು. ಸಿದ್ಧವಾದುದನ್ನು ಕಬ್ಬಿಣದ ಪಾತ್ರೆಯಲ್ಲಿಡಬೇಕು. ಇಂದಿನ ರಸಾಯನಶಾಸ್ತ್ರಜ್ಞನು ಇದರಲ್ಲಿ ಲೋಪವನ್ನು ಕಾಣಲಾರ: ಬೂದಿಯ ಕಾರ್ಬೊನೇಟಿನೊಡನೆ ಸುಣ್ಣವು ಸೇರಿದಾಗ ಸುಣ್ಣದ ಕ್ಯಾಲ್ಸಿಯಂ ಗಷ್ಟಾಗಿ ಕೆಳಗಿಳಿದು, ದಾಹಕವಾದ ಪೊಟ್ಯಾಷ್ ನೀರಿನಲ್ಲಿ ಉಳಿಯುತ್ತದೆ. ಅದೇ ಅಧ್ಯಾಯದಲ್ಲಿ, ಕ್ಷಾರದಿಂದ ಸುಟ್ಟ ಗಾಯವನ್ನು ಹುಳಿಯಿಂದ ಶಮನಗೊಳಿಸಬೇಕೆಂದೂ, ತೀಕ್ಷ್ಣವಾದ ಆ ರಸವು ಅಮ್ಲದೊಡನೆ ಕೂಡಿದಾಗ ತನ್ನ ತೀಕ್ಷ್ಣತೆಯನ್ನು ಬಿಟ್ಟು ಮಧುರಭಾವವನ್ನು ಹೊಂದುವುದೆಂದೂ ಹೇಳಿ, ನೀರಿನಿಂದ ಬೆಂಕಿ ಆರುವುದರ ಹೋಲಿಕೆಯನ್ನು ಕೊಟ್ಟಿದೆ. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1902ರಲ್ಲಿ ಮೊದಲ ಸಂಪುಟವು ಪ್ರಕಟವಾದ ತಮ್ಮ ಹಿಂದೂ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಸುಶ್ರುತನ ಕ್ಷಾರವಿಧಿಗೆ ಗಣ್ಯವಾದ ಸ್ಥಾನವನ್ನು ಕೊಟ್ಟರು.

ವೈದ್ಯವಿದ್ಯೆಯ ಈ ಪರಂಪರೆಯು ನಾವು ಹೇಳುತ್ತಿರುವ ಸೀಮೆಗೆ ದೂರದ್ದಲ್ಲ. ಅಮೋಘವರ್ಷ ನೃಪತುಂಗನ ಮಾನ್ಯಖೇಟವು ಇದೇ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಸಂಸ್ಕೃತದಲ್ಲಿ ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯನ ಹೆಸರು ಆ ಅರಸನ ಸಭೆಯೊಡನೆ ಕೂಡಿಬಂದಿದೆ. ಆ ಗ್ರಂಥವು 1940ರಲ್ಲಿ ಅಚ್ಚಾದುದು ಆಳಂದ, ಅಫಜಲಪುರಗಳಿಗೆ ನೆರೆಯದಾದ ಸೊಲ್ಲಾಪುರದಲ್ಲಿ. ಕಡಲೆಯ ಹುಳಿಯನ್ನೂ ಶಾಸ್ತ್ರಕಾರರು ಮರೆತಿಲ್ಲ. ರಸಶಾಸ್ತ್ರದ ಗ್ರಂಥಗಳು ಅಮ್ಲವರ್ಗವನ್ನು ಎಣಿಸುವಾಗ ಚಣಕಾಮ್ಲವೆಂದು ಅದನ್ನು ಹೆಸರಿಸುತ್ತವೆ. ಹುಳಿಗಳಲ್ಲಿ ಅದೇ ಮೇಲೆಂಬ ಹೊಗಳಿಕೆಯೂ ಉಂಟು. ಹೊಲದ ಬದುವಿನಲ್ಲಿ ಹಿಂಡಿದ ಬಟ್ಟೆಯ ರಸವು ಹೀಗೆ ಸಂಸ್ಕೃತದ ಹೆಸರನ್ನು ಪಡೆದು ಲೋಹಗಳನ್ನು ಶೋಧಿಸುವವರ ಕೈಸೇರಿತು.

ಇಷ್ಟನ್ನು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ. ಸುಶ್ರುತನ ಮಾತಿನಲ್ಲಿ ಅಯಾನುವಾದವನ್ನು ಕಾಣುವವರು ಆಗಾಗ ಏಳುತ್ತಾರೆ. ಇದು ಸರಿಯಲ್ಲ. ಹುಳಿಯು ಕ್ಷಾರವನ್ನು ತಣಿಸುತ್ತದೆಂಬುದನ್ನು ಆತನು ಕಂಡನು, ಕಂಡುದನ್ನು ಕ್ರಮವಾಗಿ ಬರೆದನು, ಚಿಕಿತ್ಸೆಗೆ ಬಳಸಿದನು. ಅಷ್ಟೇ ಒಂದು ದೊಡ್ಡ ಕೀರ್ತಿ. ಏಕೆ ತಣಿಸುತ್ತದೆ ಎಂಬುದಕ್ಕೆ ಆತನು ಕೊಟ್ಟ ಉತ್ತರವು ರಸಗಳ ಮಾತಿನಲ್ಲಿತ್ತು, ಎಂದರೆ ನಾಲಿಗೆಯ ಮಾತಿನಲ್ಲಿ. ಅಲ್ಲಿಲ್ಲದುದನ್ನು ಅಲ್ಲಿ ಓದಿದರೆ ಇರುವುದರ ಬೆಲೆಯೂ ಕುಂದುತ್ತದೆ.

3. ನೀರಿನ ಸಾಕ್ಷ್ಯ

ಮೂರನೆಯ ಉತ್ತರವು ಬರುವುದಕ್ಕೆ ಮೊದಲು ಒಂದು ತಪ್ಪು ಉತ್ತರವು ಬಂದು ಹೋಗಬೇಕಾಯಿತು. ಫ್ರಾನ್ಸಿನ ಲವಾಸಿಯೆಯು ಎಲ್ಲ ಆಮ್ಲಗಳಿಗೂ ಹುಳಿಯನ್ನು ಕೊಡುವ ಮೂಲವಸ್ತು ಒಂದೇ ಎಂದು ತರ್ಕಿಸಿ, ಅದಕ್ಕೆ ಗ್ರೀಕ್ ಶಬ್ದಗಳಿಂದ ಆಕ್ಸಿಜನ್, ಎಂದರೆ ಹುಳಿಯನ್ನು ಹುಟ್ಟಿಸುವುದು, ಎಂದು ಹೆಸರಿಟ್ಟನು. 1787ರ ರಾಸಾಯನಿಕ ನಾಮಕರಣ ಪದ್ಧತಿಯಲ್ಲಿ ಅದು ನೆಲೆಗೊಂಡಿತು. 1810ರಲ್ಲಿ ಹಂಫ್ರಿ ಡೇವಿಯು ಉಪ್ಪಿನಿಂದ ತೆಗೆಯುವ ಪ್ರಬಲವಾದ ಆಮ್ಲದಲ್ಲಿ ಜಲಜನಕವೂ ಕ್ಲೋರಿನ್ನೂ ಹೊರತು ಆಕ್ಸಿಜನ್ನು ಇಲ್ಲವೆಂದು ತೋರಿಸಿದನು. ವಾದವು ಬಿದ್ದಿತು, ಹೆಸರು ಉಳಿಯಿತು. ನಮ್ಮವರು ಅದಾದ ಬಹುಕಾಲದ ಮೇಲೆ ಆ ಹೆಸರನ್ನು ಆಮ್ಲಜನಕವೆಂದು ಶಬ್ದಶಃ ಕನ್ನಡಿಸಿದರು. ಆದುದರಿಂದ ಇಂದಿಗೂ ಕನ್ನಡ ವಿದ್ಯಾರ್ಥಿಯು ಆಮ್ಲವನ್ನು ಹುಟ್ಟಿಸದ ವಸ್ತುವನ್ನು ಆಮ್ಲಜನಕವೆಂದೂ, ಆಮ್ಲದ ಆಮ್ಲತ್ವಕ್ಕೆ ಕಾರಣವಾದ ವಸ್ತುವನ್ನು ಜಲಜನಕವೆಂದೂ ಕರೆಯುತ್ತಾನೆ. ಇದನ್ನು ತಿದ್ದಬೇಕೆಂದು ನಾವು ಹೇಳುವುದಿಲ್ಲ, ರೂಢಿಯು ಬಲವಾದುದು. ಆದರೆ ಪಾಠ ಹೇಳುವಾಗ ಈ ಕಥೆಯನ್ನು ಹೇಳಬೇಕೆಂಬುದು ನಮ್ಮ ಅಭಿಪ್ರಾಯ.

1834ರಲ್ಲಿ ಮೈಕೆಲ್ ಫ್ಯಾರಡೆಯು ದ್ರಾವಣಗಳ ಮೂಲಕ ವಿದ್ಯುತ್ತನ್ನು ಹರಿಸಿದಾಗ ನಡೆಯುವ ವಿಭಜನೆಗೆ ಹೊಸ ಶಬ್ದಗಳು ಬೇಕಾಗಿ, ಕೇಂಬ್ರಿಜಿನ ವಿದ್ವಾಂಸನಾದ ವಿಲಿಯಂ ಹ್ಯೂವೆಲನನ್ನು ಕೇಳಿದನು. ಆತನು ಗ್ರೀಕಿನಿಂದ ಕೊಟ್ಟ ಶಬ್ದಗಳಲ್ಲಿ ಅಯಾನು ಒಂದು. ಹೋಗುತ್ತಿರುವುದು ಎಂದು ಅದರ ಅರ್ಥ. ವಿದ್ಯುತ್ತಿನ ದ್ವಾರಗಳಿಗೆ ಆನೋಡ್, ಕ್ಯಾಥೋಡ್ ಎಂದು ಹೆಸರಾಯಿತು. ಮೇಲೇರುವ ಹಾದಿ, ಕೆಳಗಿಳಿಯುವ ಹಾದಿ ಎಂದು ಅವುಗಳ ಅರ್ಥ. ಸೂರ್ಯನು ಹುಟ್ಟುವ ದಿಕ್ಕು, ಮುಳುಗುವ ದಿಕ್ಕು ಎಂಬ ಕಲ್ಪನೆಯು ಇದರ ಹಿಂದಿತ್ತು. ಅಯಾನಿನ ಗ್ರೀಕ್ ಧಾತುವೂ ನಮ್ಮ ಉತ್ತರಾಯಣ, ದಕ್ಷಿಣಾಯನಗಳಲ್ಲಿರುವ ಅಯನದ ಸಂಸ್ಕೃತ ಧಾತುವೂ ಒಂದೇ ಮೂಲದಿಂದ ಬಂದ ಒಡಹುಟ್ಟುಗಳು. ಇದು ಬರಿಯ ಧ್ವನಿಸಾಮ್ಯವಲ್ಲ, ಭಾಷಾಶಾಸ್ತ್ರಜ್ಞರು ಒಪ್ಪುವ ನಂಟು.

ಅಯಾನುಗಳು ವಿದ್ಯುತ್ತಿನ ಬಲಾತ್ಕಾರದಿಂದ ಹುಟ್ಟುತ್ತವೆಂದು ಫ್ಯಾರಡೆಯ ಕಾಲದವರು ಭಾವಿಸಿದ್ದರು. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸನು 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಆರಂಭಿಸಿ, 1887ರ ಲೇಖನದಲ್ಲಿ ಸ್ಪಷ್ಟಪಡಿಸಿದ ಮಾತು ಇದು: ವಿದ್ಯುತ್ತು ಹರಿಯಲಿ, ಹರಿಯದಿರಲಿ, ಆಮ್ಲವೂ ಕ್ಷಾರವೂ ಲವಣವೂ ನೀರಿನಲ್ಲಿ ಕರಗಿದೊಡನೆಯೇ ಅಯಾನುಗಳಾಗಿ ಒಡೆದಿರುತ್ತವೆ. ನೀರಿನಲ್ಲಿ ಜಲಜನಕದ ಅಯಾನನ್ನು ಕೊಡುವುದು ಆಮ್ಲ. ಹೈಡ್ರಾಕ್ಸಿಲ್ ಅಯಾನನ್ನು ಕೊಡುವುದು ಕ್ಷಾರ. ಉಪ್ಸಾಲಾದ ಪಂಡಿತರು ಪ್ರಬಂಧಕ್ಕೆ ಕೆಳದರ್ಜೆಯನ್ನು ಕೊಟ್ಟರು. 1903ರಲ್ಲಿ ಇದೇ ಸಿದ್ಧಾಂತಕ್ಕಾಗಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. ನೀರನ್ನು ಸೋಕಿದೊಡನೆ ಉರಿಯುವ ಸೋಡಿಯಮ್ಮು, ಉಸಿರನ್ನು ಕಟ್ಟುವ ಕ್ಲೋರಿನ್ನು ಉಪ್ಪಿನ ನೀರಿನಲ್ಲಿ ಬಿಡಿಬಿಡಿಯಾಗಿ ಹೇಗೆ ಸುಮ್ಮನಿರಬಲ್ಲವೆಂದು ಆಗಿನವರು ಕೇಳಿದರು. ವ್ಯಾಕರಣವನ್ನು ಬಲ್ಲವರಿಗೆ ಉತ್ತರವು ಕಷ್ಟವಲ್ಲ. ಪ್ರಕೃತಿಗೆ ವಿಭಕ್ತಿಪ್ರತ್ಯಯವು ಹತ್ತಿದ ಮೇಲೆ ಅದು ವಾಕ್ಯದಲ್ಲಿ ಮಾಡುವ ಕೆಲಸವೇ ಬೇರೆ. ಹಾಗೆಯೇ ವಿದ್ಯುದಂಶವನ್ನು ತಾಳಿದ ಪರಮಾಣುವು ತಾಳದ ಪರಮಾಣುವಲ್ಲ.

ಈ ಸಿದ್ಧಾಂತಕ್ಕೆ ಬಲವಾದ ಪ್ರಮಾಣವೊಂದು ಮೊದಲೇ ಸಿದ್ಧವಾಗಿತ್ತು. ಪ್ರಬಲವಾದ ಯಾವ ಆಮ್ಲವನ್ನು ಪ್ರಬಲವಾದ ಯಾವ ಕ್ಷಾರದೊಡನೆ ನೀರಿನಲ್ಲಿ ಸಮತೂಕವಾಗಿ ಕೂಡಿಸಿದರೂ ಹುಟ್ಟುವ ಶಾಖವು ಒಂದೇ ಪ್ರಮಾಣದ್ದು. ಒಂದು ಮೋಲಿಗೆ ಸುಮಾರು 57 ಕಿಲೋಜೌಲ್. ಪದಾರ್ಥಗಳು ಬೇರೆ ಬೇರೆಯಾಗಿರುವಾಗ ಶಾಖವು ಒಂದೇ ಏಕೆ? ಏಕೆಂದರೆ ನಡೆಯುವ ಕ್ರಿಯೆಯೂ ಒಂದೇ: ಜಲಜನಕದ ಅಯಾನು ಹೈಡ್ರಾಕ್ಸಿಲ್ ಅಯಾನಿನೊಡನೆ ಸೇರಿ ನೀರಾಗುತ್ತದೆ, ಉಳಿದವು ಪ್ರೇಕ್ಷಕರಂತೆ ನಿಂತಿರುತ್ತವೆ. ಸುಶ್ರುತನು ಮಾಧುರ್ಯವೆಂದು ಕರೆದುದರ ಒಳಗುಟ್ಟು ಇದು. ತೀಕ್ಷ್ಣತೆಗಳೆರಡೂ ಸೇರಿ ನೀರಾದವು.

ನೀರು ಇಲ್ಲಿ ಬರಿಯ ಪಾತ್ರೆಯಲ್ಲ. 1923ರಲ್ಲಿ ಡೆನ್ಮಾರ್ಕಿನ ಬ್ರಾನ್‍ಸ್ಟೆಡನೂ ಇಂಗ್ಲೆಂಡಿನ ಲೌರಿಯೂ ಬೇರೆ ಬೇರೆಯಾಗಿ ಹೇಳಿದಂತೆ, ಆಮ್ಲವು ತನ್ನ ಜಲಜನಕದ ಬೀಜವನ್ನು ನೀರಿನ ಅಣುವಿಗೆ ಕೊಡುತ್ತದೆ. ನೀರು ಅದನ್ನು ಸ್ವೀಕರಿಸಿ ಹೈಡ್ರೋನಿಯಂ ಆಗುತ್ತದೆ. ಅಮೋನಿಯದ ಎದುರಿನಲ್ಲಿ ಅದೇ ನೀರು ಕೊಡುವ ಪಕ್ಷವಾಗುತ್ತದೆ. ಹೊರಗಿನ ಯಾವ ವಸ್ತುವೂ ಇಲ್ಲದಾಗ ನೀರು ತನಗೆ ತಾನೇ ಕೊಡುತ್ತದೆ, ತಾನೇ ತೆಗೆದುಕೊಳ್ಳುತ್ತದೆ; ಆದರೆ ಬಹು ಅಲ್ಪವಾಗಿ, ಶುದ್ಧವಾದ ನೀರಿನಲ್ಲಿ 25 ಡಿಗ್ರಿ ಉಷ್ಣತೆಯಲ್ಲಿ ಸುಮಾರು 55 ಕೋಟಿ ಅಣುಗಳಿಗೆ ಒಂದು ಹೈಡ್ರೋನಿಯಂ ಮಾತ್ರ. ಸೋರೆನ್ಸೆನನು 1909ರಲ್ಲಿ ಕೋಪನ್‍ಹೇಗನ್ನಿನಲ್ಲಿ ಏರ್ಪಡಿಸಿದ ಪಿಎಚ್ ಮಾನದಲ್ಲಿ ಇದೇ 7 ಎಂಬ ನಡುವಿನ ಗುರುತು.

ಎಲ್ಲ ಆಮ್ಲಗಳೂ ಒಂದೇ ಉದಾರತೆಯವಲ್ಲ. ಕಡಲೆಯ ರಸದಲ್ಲಿರುವ ಮುಖ್ಯವಾದ ಆಮ್ಲಗಳು ಎರಡು, ಮ್ಯಾಲಿಕ್ ಮತ್ತು ಆಕ್ಸಾಲಿಕ್. ಎರಡನ್ನೂ ಬೇರ್ಪಡಿಸಿ ತೋರಿಸಿದ ಕೀರ್ತಿ 18ನೆಯ ಶತಮಾನದ ಶೀಲೆಯದು. ಮ್ಯಾಲಿಕನ್ನು ಅವನು 1785ರಲ್ಲಿ ಸೇಬಿನ ರಸದಿಂದ ಪಡೆದನು. ಒಂದು ಲೀಟರಿಗೆ ಮೋಲಿನ ಹತ್ತನೆಯ ಒಂದು ಪಾಲಿನಂತೆ ಕರಗಿಸಿದರೆ, ಮ್ಯಾಲಿಕ್ ಆಮ್ಲದ ಅಣುಗಳಲ್ಲಿ ನೂರಕ್ಕೆ ಸುಮಾರು 6, ಆಕ್ಸಾಲಿಕ್ ಆಮ್ಲದಲ್ಲಿ ನೂರಕ್ಕೆ ಸುಮಾರು 50, ತಮ್ಮ ಮೊದಲ ಜಲಜನಕವನ್ನು ನೀರಿಗೆ ಬಿಟ್ಟುಕೊಟ್ಟಿರುತ್ತವೆ. ಉಪ್ಪಿನಿಂದ ತೆಗೆದ ಪ್ರಬಲ ಆಮ್ಲವು ಪೂರ್ತಿಯಾಗಿ ಬಿಟ್ಟುಕೊಡುತ್ತದೆ. ಹಾಗೆ ಪೂರ್ತಿಯಾಗಿ ಒಡೆದ ದ್ರಾವಣಗಳಲ್ಲಿ ಅಯಾನುಗಳು ಒಂದನ್ನೊಂದು ಸೆಳೆಯುವುದರಿಂದ ಆಗುವ ಪರಿಣಾಮಗಳನ್ನು ಲೆಕ್ಕ ಹಾಕುವ ಮೊದಲ ಪ್ರಯತ್ನಗಳಲ್ಲಿ ಒಂದು 1918ರಲ್ಲಿ ಜ್ಞಾನಚಂದ್ರ ಘೋಷರಿಂದ ನಡೆಯಿತು. ಅವರ ಲೆಕ್ಕದ ತಳಹದಿಯನ್ನು 1923ರಲ್ಲಿ ಡಿಬೈ ಮತ್ತು ಹ್ಯೂಕೆಲರು ಬದಲಾಯಿಸಿದರಾದರೂ, ಪ್ರಶ್ನೆಯನ್ನು ಸರಿಯಾಗಿ ಹಿಡಿದವರಲ್ಲಿ ಅವರೊಬ್ಬರು. ಘೋಷರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು.

4. ಮೂರು ಪರಿಭಾಷೆಗಳು

ಈಗ ಶಬ್ದಗಳ ವಿಚಾರಕ್ಕೆ ಬರೋಣ. ಅರ್ಹೇನಿಯಸನ ಸಿದ್ಧಾಂತವು ಕನ್ನಡನಾಡಿಗೆ ಒಂದೇ ದಾರಿಯಿಂದ ಬರಲಿಲ್ಲ. ಮೈಸೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ವಿಜ್ಞಾನವೆಂಬ ಮಾಸಪತ್ರಿಕೆಯನ್ನು ಹೊರಡಿಸಿ, ಕನ್ನಡದಲ್ಲಿ ಶಾಸ್ತ್ರವನ್ನು ಬರೆಯಲು ಸಾಧ್ಯವೆಂಬುದನ್ನು ಬರೆದೇ ತೋರಿಸಿದರು. ಅಲ್ಲಿಯ ಪರಿಭಾಷೆಯು ಸಂಸ್ಕೃತದ ಬೆಂಬಲದಿಂದ ಬೆಳೆಯಿತು. ಸರಿಯಾಗಿ ಅದೇ ಕಾಲದಲ್ಲಿ ಹೈದರಾಬಾದಿನಲ್ಲಿ ಇನ್ನೊಂದು ಪ್ರಯೋಗವು ನಡೆಯುತ್ತಿತ್ತು. 1917ರಲ್ಲಿ ಭಾಷಾಂತರ ವಿಭಾಗವೊಂದು ಏರ್ಪಟ್ಟು, 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ಉಚ್ಚಶಿಕ್ಷಣದ ಸಕಲ ಶಾಸ್ತ್ರಗಳನ್ನೂ ಉರ್ದುವಿನಲ್ಲಿ ಬೋಧಿಸುವ ಕಾರ್ಯವು ಮೊದಲಾಯಿತು. ಆಳಂದ, ಅಫಜಲಪುರ, ಜೇವರ್ಗಿಗಳು ಆಗ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಅಲ್ಲಿಯ ಕನ್ನಡಿಗರ ಮಕ್ಕಳು ಮನೆಯಲ್ಲಿ ಹುಳಿಯೆಂದೂ, ಪ್ರೌಢಶಾಲೆಯ ರಸಾಯನದಲ್ಲಿ ತುರ್ಶಾ ಎಂದೂ ಕಲಿತರು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿತು. 1956ರ ನವೆಂಬರ್ 1ರಂದು ಈ ಸೀಮೆಯು ವಿಶಾಲ ಮೈಸೂರಿನ ಭಾಗವಾಯಿತು. ಆಮೇಲಿನ ಪುಸ್ತಕಗಳಲ್ಲಿ ತುರ್ಶಾ ಹೋಗಿ ಆಮ್ಲ ಬಂದಿತು. ಒಂದೇ ಮನೆಯ ತಂದೆಯೂ ಮಗನೂ ಒಂದೇ ವಸ್ತುವನ್ನು ಬೇರೆ ಬೇರೆ ಪರಿಭಾಷೆಗಳಲ್ಲಿ ಓದಿದ ಕಾಲವದು.

ಈ ಪರಿಭಾಷೆಗಳನ್ನು ಹೋಲಿಸುವುದು ಬೋಧಪ್ರದವಾಗಿದೆ. ತುರ್ಶಾ, ಆಮ್ಲ ಎರಡೂ ಹುಳಿಯೇ, ಇಲ್ಲಿ ಭೇದವಿಲ್ಲ. ಇದಿರು ಪಕ್ಷಕ್ಕೆ ಉರ್ದುವಿನವರು ಅಸಾಸ್ ಎಂದರು, ಅಡಿಪಾಯವೆಂದು ಅರ್ಥ. ಇದು ಯೂರೋಪಿನ ಬೇಸ್ ಎಂಬುದರ ನೇರವಾದ ಅನುವಾದ. ಫ್ರಾನ್ಸಿನ ರೂಯೆಲ್ ಎಂಬಾತನು 1754ರಲ್ಲಿ, ಹಾರಿಹೋಗುವ ಆಮ್ಲಕ್ಕೆ ನೆಲೆಯನ್ನು ಕೊಟ್ಟು ಅದನ್ನು ಘನವಾದ ಲವಣವಾಗಿ ನಿಲ್ಲಿಸುವ ವಸ್ತುವೆಂಬ ಅರ್ಥದಲ್ಲಿ ಆ ಶಬ್ದವನ್ನು ಬಳಕೆಗೆ ತಂದಿದ್ದನು. ಕನ್ನಡವು ಆ ರೂಪಕವನ್ನು ತೆಗೆದುಕೊಳ್ಳಲಿಲ್ಲ. ಆಮ್ಲಕ್ಕೆ ಪ್ರತಿಯಾದುದು ಪ್ರತ್ಯಾಮ್ಲ ಎಂದು ಸಂಬಂಧದಿಂದ ಹೆಸರಿಟ್ಟಿತು. ಮೇಲೆ ನೋಡಿದರೆ ಇದು ಸ್ವಂತ ಗುಣವಿಲ್ಲದ, ಇನ್ನೊಂದರ ನಿರಾಕರಣೆಯಷ್ಟೇ ಆದ ಬಡ ಶಬ್ದವೆಂದು ತೋರಬಹುದು. ಹಾಗೆ ಆಕ್ಷೇಪಿಸುವವರೂ ಉಂಟು. ನಮ್ಮ ಅಭಿಪ್ರಾಯವು ಬೇರೆ. 1923ರ ವಿಚಾರದ ಪ್ರಕಾರ ಆಮ್ಲವೂ ಪ್ರತ್ಯಾಮ್ಲವೂ ಒಂಟಿಯಾಗಿ ಇರುವ ಜಾತಿಗಳಲ್ಲ. ಒಂದು ಕೊಟ್ಟಾಗಲೇ ಇನ್ನೊಂದು ತೆಗೆದುಕೊಳ್ಳುತ್ತದೆ, ಕೊಟ್ಟ ಮೇಲೆ ಉಳಿದ ಭಾಗವು ತಾನೇ ಪ್ರತ್ಯಾಮ್ಲವಾಗುತ್ತದೆ. ಅಡಿಪಾಯವೆಂಬ ಶಬ್ದವು ಇದನ್ನು ಹೇಳಲಾರದು, ಪ್ರತ್ಯಾಮ್ಲವು ಹೇಳಬಲ್ಲದು. ಆದರೆ ಪ್ರತಿ ಎಂಬುದನ್ನು ಶತ್ರುವೆಂದು ಅರ್ಥಮಾಡದೆ, ಪ್ರತಿಗ್ರಹ, ಪ್ರತಿಧ್ವನಿಗಳಲ್ಲಿರುವಂತೆ ಮರುಮೊಗವೆಂದು ಅರ್ಥಮಾಡಬೇಕು. ಈ ವಿವರಣೆಯನ್ನು ಕೊಡಬಲ್ಲವನು ಭಾಷೆಯ ಉಪಾಧ್ಯಾಯನು.

ಕ್ಷಾರವನ್ನೂ ಪ್ರತ್ಯಾಮ್ಲವನ್ನೂ ಒಂದೇ ಎಂದು ಬಳಸುವುದು ಮಾತ್ರ ತಪ್ಪು. ಪಾಠಪುಸ್ತಕಗಳಲ್ಲಿ ನೀರಿನಲ್ಲಿ ಕರಗುವ ಪ್ರತ್ಯಾಮ್ಲಕ್ಕೆ ಮಾತ್ರ ಕ್ಷಾರವೆಂಬ ಹೆಸರನ್ನು ಮೀಸಲಿಟ್ಟಿದ್ದಾರೆ. ಬೂದಿಯನ್ನು ನೀರಿನಲ್ಲಿ ಕದಡಿ ತೆಗೆದ ಹಳೆಯ ಕ್ಷಾರಕ್ಕೂ ಇದು ಹೊಂದುತ್ತದೆ. ಇಲ್ಲಿ ಹಳೆಯ ಶಬ್ದವು ಹೊಸ ಅರ್ಥಕ್ಕೆ ಗಾಸಿಯಿಲ್ಲದೆ ಒಗ್ಗಿಕೊಂಡಿದೆ.

ಅಯಾನನ್ನು ಕನ್ನಡಿಸದೆ ಹಾಗೆಯೇ ಇಟ್ಟುಕೊಂಡುದು ಸರಿಯಾಯಿತು. ಆದರೆ ಅರ್ಥವನ್ನು ಹೇಳದೆ ಶಬ್ದವನ್ನು ಮಾತ್ರ ಬಾಯಿಪಾಠ ಮಾಡಿಸುವುದರಿಂದ ಅದು ಪರಕೀಯವಾಗಿಯೇ ಉಳಿದಿದೆ. ಅಯಾನು ಎಂದರೆ ಪಯಣಿಗ, ಅಯನದ ಬಂಧು, ನೀರಿನಲ್ಲಿ ಸದಾ ಸಂಚರಿಸುವುದು. ಇಷ್ಟನ್ನು ಹೇಳಿದರೆ ಹುಡುಗನು ಆ ಶಬ್ದವನ್ನು ಮರೆಯಲಾರನು.

5. ಮತ್ತೆ ಎರೆಯ ಹೊಲಕ್ಕೆ

ಈ ಮೂರು ಉತ್ತರಗಳನ್ನೂ ಹಿಡಿದು ಕಡಲೆಯ ಹೊಲಕ್ಕೆ ಹಿಂದಿರುಗೋಣ. ಎರೆಯ ನೆಲವು ಕ್ಷಾರದ ಕಡೆಗೆ ವಾಲಿದ ನೆಲ. ದಖನ್ನಿನ ಕರಿಯ ಶಿಲೆ ಸವೆದು ಆದ ಈ ಮಣ್ಣಿನಲ್ಲಿ ಸುಣ್ಣದ ಹರಳುಗಳು ಬೆರೆತಿರುತ್ತವೆ. ಜೇವರ್ಗಿಯ ಕಡೆಗೆ ಸಾಗಿದರೆ ಸುಣ್ಣಗಲ್ಲಿನ ಪದರಗಳೇ ಸಿಗುತ್ತವೆ. ಭೂಗರ್ಭಶಾಸ್ತ್ರಜ್ಞನಾದ ವಿಲಿಯಂ ಕಿಂಗನು 1872ರಲ್ಲಿ ಇವಕ್ಕೆ ಭೀಮಾ ಶ್ರೇಣಿಯೆಂದು ನದಿಯ ಹೆಸರನ್ನೇ ಕೊಟ್ಟನು. ಇಂತಹ ನೆಲದಲ್ಲಿ ರಂಜಕವು ಕ್ಯಾಲ್ಸಿಯಮ್ಮಿನೊಡನೆ ಸೇರಿ ಗಟ್ಟಿಯಾಗಿ ಕೂತಿರುತ್ತದೆ. ಬೇರುಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಕಡಲೆಯ ಬೇರು ಮ್ಯಾಲಿಕ್, ಸಿಟ್ರಿಕ್ ಮುಂತಾದ ಆಮ್ಲಗಳನ್ನು ಮಣ್ಣಿನ ತೇವಕ್ಕೆ ಬಿಡುತ್ತದೆ. ಆ ತೇವದಲ್ಲಿ ಅಯಾನುಗಳು ಹುಟ್ಟುತ್ತವೆ, ಸುಣ್ಣವು ಸ್ವಲ್ಪ ಸಡಿಲುತ್ತದೆ, ರಂಜಕವು ಬಿಡುಗಡೆಯಾಗುತ್ತದೆ. ಮೇಲೆ ಎಲೆಯ ಮೇಲೆ ಇಬ್ಬನಿಯಲ್ಲಿ ಕರಗಿದ ಅದೇ ಜಾತಿಯ ಆಮ್ಲವು ಕಾಯಿಕೊರಕ ಹುಳುವಿಗೆ ಅಹಿತವಾಗುತ್ತದೆ. ಹೈದರಾಬಾದಿನ ಬಳಿಯ ಪಟಂಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಸಂಶೋಧನಾಲಯದಲ್ಲಿ ಕಡಲೆಯ ತಳಿಗಳನ್ನು ಪರೀಕ್ಷಿಸಿದವರು, ಮ್ಯಾಲಿಕ್ ಆಮ್ಲದ ಪ್ರಮಾಣಕ್ಕೂ ಹುಳುವನ್ನು ತಡೆಯುವ ಶಕ್ತಿಗೂ ಇರುವ ಸಂಬಂಧವನ್ನು ಗಮನಿಸಿದ್ದಾರೆ. ಒಣಗಿದ ಆಮ್ಲವು ಸುಮ್ಮನಿರುತ್ತದೆ. ನೀರು ಬಂದಾಗ ಅದು ಆಮ್ಲವಾಗಿ ವರ್ತಿಸುತ್ತದೆ. ಒಣಗಿದ ನಿಂಬೆ ಉಪ್ಪನ್ನೂ ಸೋಡವನ್ನೂ ಬೆರೆಸಿಟ್ಟರೆ ಏನೂ ಆಗುವುದಿಲ್ಲ. ಒಂದು ಹನಿ ನೀರು ಬಿದ್ದೊಡನೆ ನೊರೆಯೇಳುತ್ತದೆ. ರೈತನು ಹುಳಿಯನ್ನು ನಡುಹಗಲಿನ ಒಣ ಎಲೆಯಿಂದ ಕೆರೆಯದೆ ಇಬ್ಬನಿಯಿಂದ ಹಿಂಡಿಕೊಂಡನು. ಕಾರಣವನ್ನು ಅವನು ಹೇಳಿರಲಿಕ್ಕಿಲ್ಲ. ಕಾಲವನ್ನು ಮಾತ್ರ ತಪ್ಪದೆ ಹಿಡಿದಿದ್ದನು.

ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಒಕ್ಕಲು ಮಕ್ಕಳು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ರೊಟ್ಟಿ, ಸಜ್ಜೆಯ ಕಡುಬು, ಭಜ್ಜಿ, ಅಂಬಲಿಗಳನ್ನು ಬದುವಿನ ಮೇಲೆ ಕೂತು ಉಣ್ಣುವುದು ವಾಡಿಕೆ. ಕಡಲೆಯು ಹಸುರಾಗಿ ನಿಂತಿರುವ ಕಾಲವದು. ಅದೇ ತಾಲ್ಲೂಕಿನ ಶಾಲೆಯಲ್ಲಿ ಅದೇ ವಾರ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠವು ನಡೆಯಬಹುದು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಂತೂ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾನಿಲಯವೇ ಹೊಲಗಳ ನಡುವೆ ನಿಂತಿದೆ. ಹೊಲದ ಹುಳಿಯೂ ಪುಸ್ತಕದ ಆಮ್ಲವೂ ಒಂದೇ ಎಂಬುದು ಹುಡುಗನಿಗೆ ತಿಳಿಯದೆ ಹೋದರೆ, ಅವನಿಗೆ ಎರಡು ನಷ್ಟಗಳಾಗುತ್ತವೆ: ಶಾಸ್ತ್ರವು ಅವನಿಗೆ ಹೊರಗಿನದಾಗಿ ತೋರುತ್ತದೆ, ಮನೆಯ ಮಾತು ಶಾಸ್ತ್ರಕ್ಕೆ ಸಲ್ಲದುದೆಂದು ತೋರುತ್ತದೆ. ಎರಡೂ ಸುಳ್ಳು.

ಮೇಲಿನ ವಿಚಾರದಿಂದ ಫಲಿಸುವ ನಿರ್ಣಯವನ್ನು ಹೀಗೆ ಸಂಗ್ರಹಿಸಬಹುದು. ಹುಳಿ, ಅಮ್ಲ, ತುರ್ಶಾಗಳು ನಾಲಿಗೆಯ ಸಾಕ್ಷ್ಯ. ಕ್ಷಾರವು ಬೆಂಕಿ, ಬೂದಿ, ಕಣ್ಣುಗಳ ಸಾಕ್ಷ್ಯ. ಆಮ್ಲಜನಕವು ಬಿದ್ದುಹೋದ ಒಂದು ವಾದದ ಸ್ಮಾರಕ. ಪ್ರತ್ಯಾಮ್ಲವು ತನ್ನನ್ನು ಮಾಡಿದವರು ಬಗೆದುದಕ್ಕಿಂತಲೂ ಹೆಚ್ಚು ಅರ್ಥವನ್ನು ಪಡೆದ ಶಬ್ದ. ಅಯಾನು ನೀರಿನ ಸಾಕ್ಷ್ಯ. ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತೆಂದು ಹೇಳುವುದೂ, ನಮ್ಮ ಭಾಷೆಗೆ ಇದನ್ನು ಹೇಳುವ ಶಕ್ತಿಯಿಲ್ಲವೆಂದು ಹೇಳುವುದೂ ಒಂದೇ ಬಗೆಯ ಅವಸರ. ಶಬ್ದಗಳನ್ನು ಅವುಗಳ ಕಾಲದೊಡನೆ ಕಲಿಸಿದರೆ ಎರಡಕ್ಕೂ ಎಡೆಯಿರುವುದಿಲ್ಲ. ಆ ಪಾಠವನ್ನು ಆರಂಭಿಸಲು ಪ್ರಯೋಗಶಾಲೆಯೇ ಬೇಕೆಂದಿಲ್ಲ. ಮಾಗಿಯ ಒಂದು ಬೆಳಗ್ಗೆ, ಕಡಲೆಯ ಒಂದು ಹೊಲ, ಚಿಟಿಕೆ ಅರಿಸಿನ, ಸ್ವಲ್ಪ ಸುಣ್ಣ ಇದ್ದರೆ ಸಾಕು.